ಉಸ್ತಾದರ ಅಂಗಡಿಯೂ ಸರ್ಕಾರದ ಸರ್ಟಿಫಿಕೇಟೂ

ಮಳವಳ್ಳಿಯಲ್ಲಿ ನಮ್ಮ ಬಡೇ ಮಾಮೂ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ನಾಲೆಯ ನೀರು ತಲುಪದ ಊರುಗಳ ರೈತರು ಸುಟ್ಟುಹೋದ ಪಂಪ್‌ಸೆಟ್ಟನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, "ಸಾಬ್ರೆ, ಪೈರು ಒಣಗ್ತಾ ಅದೆ, ಸಂಜೆಗೇ ಬೇಕು" ಎಂದು ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಮಾಮೂ ಮೋಟರಿನ ಮುಚ್ಚಳ ಬಿಚ್ಚಿ, ಸುಟ್ಟ ವಾರ್ನಿಷನ್ನು ಮೂಸಿ, ಕಾಯಿಲುಗಳು ಕಪ್ಪಾದ ಬಗೆಯನ್ನು ನೋಡುತ್ತಿದ್ದರು. ಕೆಲವು ಕಾಯಿಲು ಮಾತ್ರ ಕರಕಲಾಗಿ ಉಳಿದವು ಹಾಗೇ ಇದ್ದರೆ, "ಒಂದು ಫೇಸ್ ಹೋಗಿದ್ದಾಗ ಓಡಿಸಿದ್ದೀರಿ ಗೌಡ್ರೆ" ಎನ್ನುತ್ತಿದ್ದರು. ಗೌಡರು ತಲೆ ಕೆರೆದುಕೊಳ್ಳುತ್ತಿದ್ದರು. ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರ ಓದು ಉರ್ದು ಶಾಲೆಯ ನಾಲ್ಕನೇ ಇಯತ್ತೆಗೆ ನಿಂತಿತ್ತು. ಮಂಡ್ಯದ ಗುತ್ತಲು ರಸ್ತೆಯ ಒಬ್ಬ ಉಸ್ತಾದರ ಬಳಿ ಒಂಬತ್ತು ವರ್ಷ ಶಾಗಿರ್ದ್ ಆಗಿ ಕೆಲಸ ಕಲಿತಿದ್ದರು. ತೊಂಬತ್ತರ ದಶಕದಲ್ಲಿ ಒಂದು ಕಾರ್ಖಾನೆಯವರಿಗೆ ಎಲೆಕ್ಟ್ರಿಷಿಯನ್ ಬೇಕಾಗಿದೆ ಎಂದು ಯಾರೋ ಹೇಳಿ ಇವರನ್ನು ಕರೆದೊಯ್ದರು. ಆ ಕಾರ್ಖಾನೆಯ ಮೋಟರುಗಳೇ ಹಲವು ಸಲ ಇವರ ಅಂಗಡಿಗೆ ಬಂದು ರಿಪೇರಿಯಾಗಿ ಹೋಗಿದ್ದವು. ಮೇಜಿನ ಹಿಂದೆ ಕೂತಿದ್ದ ಹುಡುಗ ಕೇಳಿದ: "ಯಾವ ಐಟಿಐ?" ಮಾಮೂ, "ಉಸ್ತಾದ್ ಐಟಿಐ ಸಾರ್" ಅಂದರಂತೆ. ಆತ ಬರೆದುಕೊಳ್ಳಲು ಶುರುಮಾಡಿ, ಆಮೇಲೆ ಪೆನ್ನು ಕೆಳಗಿಟ್ಟನಂತೆ. ಮನೆಯಲ್ಲಿ ಈ ಕತೆ ಹೇಳಿ ಎಲ್ಲರೂ ನಗುತ್ತಿದ್ದೆವು. ಮಾಮೂ ಕೂಡ ನಗುತ್ತಿದ್ದರು, ಆದರೆ ಆ ಕೆಲಸಕ್ಕೆ ಅವರು ಎಷ್ಟು ಆಸೆಪಟ್ಟಿದ್ದರು ಎಂಬುದು ಮಾಮೀಜಾನ್‌ಗೆ ಮಾತ್ರ ಗೊತ್ತಿತ್ತು.

ಸರ್ಕಾರ ಯಾವುದನ್ನು ಕಲಿಕೆ ಎಂದು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಉದ್ದವಾದ ಚರಿತ್ರೆ ಇದೆ. ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದಿಂದಲೇ ಅದನ್ನು ಆರಂಭಿಸಬಹುದು. 1786ರಲ್ಲಿ ಟಿಪ್ಪು ಸುಲ್ತಾನ್ ಪಟ್ಟಣದ ಕಿಲ್ಲೇದಾರನಿಗೆ ಬರೆದ ಒಂದು ಪತ್ರವಿದೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬ ಇಬ್ಬರು ಹಿಂತಿರುಗುತ್ತಿದ್ದಾರೆ, ಅವರು ಬಂದ ಕೂಡಲೇ ಹುಳುಗಳನ್ನು ಇಡಲು ತಕ್ಕ ಜಾಗ ಯಾವುದೆಂದು ಅವರನ್ನೇ ವಿಚಾರಿಸಿ ಏರ್ಪಾಡು ಮಾಡು ಎಂಬುದು ಅದರ ತಾತ್ಪರ್ಯ. ರಾಜ್ಯದ 21 ಕಡೆ ಹುಳು ಸಾಕುವ ಯೋಜನೆಯೂ ಸುಲ್ತಾನನ ಮನಸ್ಸಿನಲ್ಲಿತ್ತು. ಆ ಎರಡು ಹೆಸರುಗಳು ಪಕ್ಕಪಕ್ಕ ಬಂದದ್ದರ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನಾನು ಮಾಡುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ಕಿಲ್ಲೇದಾರ ಅಧಿಕಾರಿ, ಆ ಇಬ್ಬರು ಕೆಲಸ ನೋಡಿಬಂದವರು. ಅಧಿಕಾರಿ ಕೆಲಸ ಬಲ್ಲವರನ್ನು ಕೇಳಬೇಕು ಎಂದು ಆ ಪತ್ರ ಹೇಳುತ್ತದೆ. ಎರಡು ವರ್ಷದ ನಂತರ ಫ್ರಾನ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ದೊರೆ ಹದಿನಾರನೇ ಲೂಯಿಯ ಬಳಿ ಸೈನ್ಯದ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು.

1799ರ ಯುದ್ಧದ ನಂತರ ಆ ಏರ್ಪಾಡುಗಳು ಚದುರಿದವು. ಹಿಪ್ಪುನೇರಳೆ ಮಾತ್ರ ಈ ಮಣ್ಣಿನಲ್ಲಿ ಉಳಿಯಿತು. ಹುಳು ಮೇಯಿಸುವುದನ್ನು ಅತ್ತೆಯಿಂದ ಸೊಸೆ ಕಲಿತಳು, ನೂಲು ಬಿಚ್ಚುವುದನ್ನು ತಂದೆಯಿಂದ ಮಗ ಕಲಿತ. ಒಂದು ನೂರು ವರ್ಷ ಇದಕ್ಕೆ ಶಾಲೆ ಎಂಬುದೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ದಂಪತಿಯನ್ನು ಕರೆಸಿ ರೇಷ್ಮೆ ತೋಟ ಮಾಡಿದಾಗ ಮೈಸೂರು ಸರ್ಕಾರ ಜಮೀನನ್ನೂ ಸಹಾಯಧನವನ್ನೂ ಕೊಟ್ಟಿತು. ರೇಷ್ಮೆ ಕೆಲಸವನ್ನು ಪಾಠವಾಗಿ ಕಲಿಸುವ ಕ್ರಮ ಅಲ್ಲಿಂದ ಬಲಗೊಂಡಿತು.

ಈ ನಡುವೆ ಬ್ರಿಟಿಷ್ ಇಂಡಿಯಾದಲ್ಲಿ 1850ರಲ್ಲಿ ಒಂದು ಕಾನೂನು ಬಂದಿತ್ತು. ಅನಾಥ ಮಕ್ಕಳನ್ನೂ ಬಡಮಕ್ಕಳನ್ನೂ ಕೆಲಸ ಕಲಿಯಲು ಒಬ್ಬ ಯಜಮಾನನಿಗೆ ಏಳು ವರ್ಷದವರೆಗೆ ಒಪ್ಪಿಸಿಕೊಡಬಹುದು ಎಂಬ ಕಾನೂನು. ಹತ್ತು ವರ್ಷ ದಾಟಿದ ಮಗುವಿಗೆ ಅದು ಅನ್ವಯಿಸುತ್ತಿತ್ತು. ಅಪ್ರೆಂಟಿಸ್ ಎಂಬ ಮಾತು ನಮ್ಮ ದೇಶದ ಕಾನೂನು ಪುಸ್ತಕಕ್ಕೆ ಬಂದದ್ದು ಹೀಗೆ, ದಿಕ್ಕಿಲ್ಲದ ಮಕ್ಕಳ ಹೆಸರಿನಲ್ಲಿ. ಕೈಕೆಲಸ ಕಲಿಯುವುದು ಬಡವನಿಗೆ, ಓದುವುದು ಉಳ್ಳವನಿಗೆ ಎಂಬ ವಿಂಗಡಣೆ ಅಲ್ಲಿಯೇ ಕೂತಿದೆ. ಅದು ಇನ್ನೂ ಎದ್ದು ಹೋಗಿಲ್ಲ.

ಮಳವಳ್ಳಿ ತಾಲ್ಲೂಕಿಗೆ ಯಂತ್ರಯುಗ ಬಂದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಯಾದ ಶಿವನಸಮುದ್ರದ ವಿದ್ಯುದಾಗಾರ ಆ ವರ್ಷ ಜೂನ್ 30ರಂದು ಶುರುವಾಯಿತು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಕೆನಡಾ ಮೂಲದವರು, ಯಂತ್ರಗಳು ಬಂದದ್ದು ಕಡಲಾಚೆಯಿಂದ. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೋದ 147 ಕಿಲೋಮೀಟರ್ ತಂತಿ ಆ ಕಾಲಕ್ಕೆ ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ನಮ್ಮೂರಿನವರು ಈಗಲೂ ಆ ಜಾಗವನ್ನು ಬ್ಲಫ್ ಎಂದೇ ಕರೆಯುತ್ತಾರೆ. ಬ್ಲಫಿನ ಕರೆಂಟು ಪಕ್ಕದ ಹಳ್ಳಿ ಬಿಟ್ಟು ದೂರದ ಗಣಿಗೆ ಮೊದಲು ಹೋಯಿತು ಎಂಬುದು ಹಳಬರ ತಮಾಷೆ. ತಮಾಷೆಯೊಳಗೆ ಸತ್ಯವಿದೆ. ಯಂತ್ರ ಬಂದ ಊರಿಗೇ ಯಂತ್ರದ ವಿದ್ಯೆಯೂ ಬರುತ್ತದೆ ಎಂದು ಹೇಳುವಂತಿಲ್ಲ. 1940ರಲ್ಲಿ ಇದೇ ತಾಲ್ಲೂಕಿನಲ್ಲಿ ಶಿಂಷಾ ವಿದ್ಯುದಾಗಾರವೂ ಎದ್ದಿತು. ಇಷ್ಟಾದರೂ ಮೋಟರ್ ಸುತ್ತುವುದನ್ನು ಕಲಿಯಲು ಮಳವಳ್ಳಿಯ ಹುಡುಗ ಮಂಡ್ಯದ ಗುತ್ತಲು ರಸ್ತೆಗೇ ಹೋಗಬೇಕಾಯಿತು.

ವಿಶ್ವೇಶ್ವರಯ್ಯನವರಿಗೆ ಈ ಕೊರತೆ ತಿಳಿದಿತ್ತು. ಅವರು ದಿವಾನರಾಗಿದ್ದ ಮೊದಲ ವರ್ಷಗಳಲ್ಲೇ, 1913ರಲ್ಲಿ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ಶುರುವಾಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಕೂಡ ಅದೇ ಕಾಲದ್ದು. ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಕೈಗೆ ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿ ಎಂದರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹೀಗೆ. ಈಗ ಅದು ಎಸ್.ಜೆ. ಪಾಲಿಟೆಕ್ನಿಕ್. ದೊಡ್ಡ ಮನಸ್ಸಿನ ಕೆಲಸ. ಆದರೆ ಇವೆಲ್ಲ ಬೆಂಗಳೂರು, ಮೈಸೂರಿನ ಸಂಸ್ಥೆಗಳು. ನಡುವಿನ ಮದ್ದೂರು, ಮಂಡ್ಯ ಆಗ ರೈಲು ನಿಲ್ಲುವ ಸ್ಟೇಷನ್ನುಗಳು.

ಮಂಡ್ಯದ ಹಣೆಬರಹ ಬದಲಾದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಹರಿದು ಬಂತು. ನೀರು ಬಂದಲ್ಲಿ ಕಬ್ಬು ಬಂತು. ಜಾವಾ ಸಕ್ಕರೆಯ ಪೈಪೋಟಿಯಿಂದ ಕಾಪಾಡಲು ಭಾರತ ಸರ್ಕಾರ 1932ರಲ್ಲಿ ಸುಂಕದ ರಕ್ಷಣೆ ಕೊಟ್ಟಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದಿನ ದೊಡ್ಡ ಶಕ್ತಿ. ಸರ್ಕಾರದ ಪಾಲಿನ ಜೊತೆ ರೈತರೂ ಷೇರುದಾರರಾದರು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ನಮ್ಮ ದಾದಾ ಆ ಕಾರ್ಖಾನೆಯಲ್ಲಿ ಫಿಟರ್‌ಗೆ ಕೈಯಾಳಾಗಿ ಸೇರಿದವರು. ಅವರಿಂದ ಕೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಹೊರಗಿನವರಿಗೆ ಸಕ್ಕರೆ ಕಾರ್ಖಾನೆ ಎಂದರೆ ಕಬ್ಬಿನ ಗಾಡಿಗಳ ಸಾಲು, ಹೊಗೆ, ಬೆಲ್ಲದಂಥ ವಾಸನೆ. ಕಲಿಯುವವನಿಗೆ ಮಾತ್ರ ಹಂಗಾಮು ಮುಗಿದ ಮೇಲಿನ ತಿಂಗಳುಗಳೇ ಕಾರ್ಖಾನೆ. ಅರೆಯುವಾಗ ಯಂತ್ರ ಮುಟ್ಟಲು ಯಾರೂ ಬಿಡುವುದಿಲ್ಲ. ಅರೆತ ನಿಂತಾಗ ಗಾಣದ ರೋಲರುಗಳನ್ನು ಬಿಚ್ಚುತ್ತಾರೆ, ಸವೆದ ಹಲ್ಲುಗಳಿಗೆ ಮತ್ತೆ ಗೀರು ಕೊಡುತ್ತಾರೆ, ಬಾಯ್ಲರಿನ ಕೊಳವೆ ಬದಲಿಸುತ್ತಾರೆ, ಪಂಪು, ವಾಲ್ವುಗಳನ್ನು ಕಳಚಿ ಹರಡುತ್ತಾರೆ. ಯಾವುದು ಎಲ್ಲಿ ಕೂರುತ್ತದೆ ಎಂದು ಕಣ್ಣಲ್ಲಿ ನೋಡುವ ಅವಕಾಶ ಆಗ ಸಿಗುತ್ತದೆ. ಕಾಗದದ ಪಾಠ ಇರಲಿಲ್ಲ, ಮೇಸ್ತ್ರಿಯ ಪಕ್ಕ ನಿಂತ ಹುಡುಗ ಕಲಿತ. ಹೀಗೆ ಕಲಿತವರಲ್ಲಿ ಕೆಲವರು ಹೊರಗೆ ಬಂದು ಲೇತ್ ಅಂಗಡಿ ಇಟ್ಟರು, ಆಲೆಮನೆಯ ಗಾಣ ರಿಪೇರಿ ಮಾಡಿದರು, ಲಾರಿಗೆ ಕೈಹಾಕಿದರು. ಮಂಡ್ಯದ ಗ್ಯಾರೇಜುಗಳ ವಂಶಾವಳಿ ಬರೆದರೆ ಅದರ ಬೇರು ಕಾರ್ಖಾನೆಯ ವರ್ಕ್‌ಶಾಪಿಗೂ, ಗಾಡಿಚಕ್ರ ಮಾಡುತ್ತಿದ್ದ ಆಚಾರಿಗಳ ಕುಲುಮೆಗೂ ಸೇರೀತು.

ಸರ್ಕಾರದ ಈಗಿನ ತರಬೇತಿ ಪದ್ಧತಿಯ ಬೇರು ಬೇರೆಡೆ ಇದೆ, ಎರಡನೇ ಮಹಾಯುದ್ಧದಲ್ಲಿ. ಯುದ್ಧ ಸಾಮಗ್ರಿ ತಯಾರಿಸಲು ಬೇಗ ಕೈಗಳು ಬೇಕಾದವು, ತಾಂತ್ರಿಕ ತರಬೇತಿ ಕೇಂದ್ರಗಳನ್ನು ತೆರೆದರು. ಯುದ್ಧ ಮುಗಿದಾಗ ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಕೊಡಿಸಲು 1945ರಲ್ಲಿ ಒಂದು ನಿರ್ದೇಶನಾಲಯ ಆಯಿತು. ಇದರ ಮುಂದುವರಿಕೆಯಾಗಿ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಬಂತು. ನಾವು ಐಟಿಐ ಎನ್ನುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಅದರ ಮಕ್ಕಳು. 1956ರಲ್ಲಿ ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂತು. ಫಿಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಂದು ಕಸುಬುಗಳಿಗೆ ಸರ್ಕಾರಿ ಹೆಸರು, ಅವಧಿ, ಪರೀಕ್ಷೆ ಗೊತ್ತಾದವು.

1961ರಲ್ಲಿ ಅಪ್ರೆಂಟಿಸ್ ಕಾನೂನು ಬಂತು. ಕೈಗಾರಿಕೆಗಳು ಗೊತ್ತುಮಾಡಿದ ಪ್ರಮಾಣದಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು, ಭತ್ಯೆ ಕೊಡಬೇಕು ಎಂದಿತು. ಅದರಲ್ಲೇ ಎರಡು ಮಾತುಗಳಿವೆ. ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ ಎಂಬುದು ಒಂದು. ಅವಧಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ ಎಂಬುದು ಇನ್ನೊಂದು. ಕಾರ್ಮಿಕನಲ್ಲದವನಿಗೆ ಕಾರ್ಮಿಕ ಕಾನೂನುಗಳ ಆಸರೆ ಇಲ್ಲ. ತುರ್ತು ಪರಿಸ್ಥಿತಿಯ 1975ರಲ್ಲಿ ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಅಪ್ರೆಂಟಿಸ್ ಯೋಜನೆಯೂ ಒಂದು ಅಂಶವಾಗಿತ್ತು ಎಂಬುದು ಈಗ ಹೆಚ್ಚಿನವರಿಗೆ ಮರೆತುಹೋಗಿದೆ.

ಐಟಿಐಗಳನ್ನು ಹಗುರಾಗಿ ಕಾಣುವ ಇರಾದೆ ನನಗಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬಡವರ ಮಕ್ಕಳು ಆ ಸರ್ಟಿಫಿಕೇಟ್ ಹಿಡಿದು ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಿಗೆ ಹೋಗಿ, ಊರಲ್ಲಿ ಹೆಂಚಿನ ಮನೆ ಕಟ್ಟಿಸಿದರು. ದಲಿತ ಹುಡುಗನಿಗೆ ಯಾವ ಆಚಾರಿಯೂ ಯಾವ ಉಸ್ತಾದನೂ ಕಲಿಸದೆ ಇದ್ದ ಕಾಲದಲ್ಲಿ ಐಟಿಐ ಮೀಸಲಾತಿಯ ಮೂಲಕ ಬಾಗಿಲು ತೆರೆಯಿತು. ಉಸ್ತಾದರ ಅಂಗಡಿಗೆ ಸೇರಲು ಯಾರದಾದರೂ ಪರಿಚಯ ಬೇಕಿತ್ತು, ಐಟಿಐಗೆ ಅರ್ಜಿ ಸಾಕಿತ್ತು. ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಕಾನೂನು ಗೇಟು ಇರುವ ಕಾರ್ಖಾನೆಯನ್ನು ಮಾತ್ರ ಕಂಡಿತು. ಗೇಟಿಲ್ಲದ ಕಡೆ ನಡೆಯುತ್ತಿದ್ದ ಕಲಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹನ್ನೊಂದು ಹನ್ನೆರಡನೇ ವಯಸ್ಸಿಗೆ ಹುಡುಗನನ್ನು ತಂದೆ ಕರೆದುಕೊಂಡು ಬಂದು ಉಸ್ತಾದರ ಮುಂದೆ ನಿಲ್ಲಿಸುತ್ತಿದ್ದ. ಮೊದಲ ವರ್ಷ ಚಹಾ ತರುವುದು, ಕಸ ಗುಡಿಸುವುದು, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದು. ತೊಳೆಯುತ್ತಾ ತೊಳೆಯುತ್ತಾ ಹೆಸರು ಬಾಯಿಗೆ ಬರುತ್ತಿತ್ತು. ಎರಡನೇ ವರ್ಷ ಪಾನಾ ಎತ್ತಿಕೊಡುವುದು. ಉಸ್ತಾದ್ ಮೋಟರಿನ ಕೆಳಗಿಂದ ಕೈಚಾಚಿದರೆ ನಂಬರು ಕೇಳದೆ ಸರಿಯಾದ ಪಾನಾ ಕೊಟ್ಟವನಿಗೆ ಮುಂದಿನ ಪಾಠ. ರೀವೈಂಡಿಂಗ್ ಅಂಗಡಿಯಲ್ಲಾದರೆ ಸುಟ್ಟ ಕಾಯಿಲನ್ನು ಕತ್ತರಿಸಿ ಸುತ್ತು ಎಣಿಸುವ ಕೆಲಸ. ಅದರಲ್ಲಿ ಒಂದು ತಪ್ಪಿದರೂ ಹೊಸ ಸುತ್ತು ಕೆಡುತ್ತದೆ. ಆಮೇಲೆ ಫ್ರೇಮಿನ ಮೇಲೆ ತಂತಿ ಸುತ್ತುವುದು, ಸ್ಲಾಟಿಗೆ ಕಾಗದ ಹಾಕಿ ಕಾಯಿಲು ಇಳಿಸುವುದು, ಸೀರೀಸ್ ಲ್ಯಾಂಪ್ ಹಿಡಿದು ಪರೀಕ್ಷೆ ಮಾಡುವುದು, ವಾರ್ನಿಷ್ ಕುಡಿಸಿ ಒಣಗಿಸುವುದು. ಕನೆಕ್ಷನ್ ಕೊಡುವುದು ಕೊನೆಯ ಪಾಠ, ಅದನ್ನು ಉಸ್ತಾದ್ ಬೇಗ ಹೇಳಿಕೊಡುತ್ತಿರಲಿಲ್ಲ. ಕಲಿತವನು ಎದುರಿಗೇ ಅಂಗಡಿ ಇಟ್ಟಾನೆಂಬ ಭಯ.

ಹೊಡೆತ ಇತ್ತು. ಸಂಬಳ ಹೆಚ್ಚಾಗಿ ಇರಲಿಲ್ಲ, ಹಬ್ಬಕ್ಕೆ ಬಟ್ಟೆ, ಜುಮ್ಮಾ ದಿನ ಒಂದಿಷ್ಟು ಚಿಲ್ಲರೆ. ಶಾಲೆ ಬಿಟ್ಟ ಹುಡುಗರ ಬಾಲ್ಯ ಆ ಎಣ್ಣೆಜಿಡ್ಡಿನಲ್ಲಿ ಕರಗಿತು. ಉಸ್ತಾದ್–ಶಾಗಿರ್ದ್ ಸಂಬಂಧದ ಬಗ್ಗೆ ನಮ್ಮಲ್ಲಿ ಬಹಳ ಸಿಹಿಯಾಗಿ ಬರೆಯುವವರಿದ್ದಾರೆ, ನಾನೂ ಒಂದೆರಡು ಕತೆಗಳಲ್ಲಿ ಹಾಗೆ ಬರೆದ ತಪ್ಪಿತಸ್ಥ. 1986ರ ಬಾಲಕಾರ್ಮಿಕ ಕಾನೂನು ಬಂದದ್ದು ಸರಿಯೇ. ಹುಡುಗನನ್ನು ಅಂಗಡಿಯಿಂದ ಬಿಡಿಸಿದ ಸರ್ಕಾರ, ಅವನು ಹದಿನಾಲ್ಕು ದಾಟಿ ಮತ್ತೆ ಅದೇ ಅಂಗಡಿಗೆ ಬಂದಾಗ ಅಲ್ಲಿ ಕಲಿತದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯನ್ನೂ ಮಾಡಬೇಕಿತ್ತು. ಅದನ್ನು ಮಾಡಲಿಲ್ಲ. ಹೆಣ್ಣುಮಕ್ಕಳ ವಿಚಾರ ಇನ್ನೂ ಕಷ್ಟ. ಬಿಸಿನೀರಿನ ತೊಟ್ಟಿಯಲ್ಲಿ ಬೆರಳು ಅದ್ದಿ ಗೂಡಿನ ಎಳೆಯ ತುದಿ ಹುಡುಕುವ ಹೆಂಗಸಿನ ವಿದ್ಯೆಯನ್ನು ಕೂಲಿ ಎಂದಷ್ಟೇ ಕರೆದರು.

2006ರ ನವೆಂಬರಿನಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಈ ಪತ್ರಿಕೆಯಂಥ ಪುಟಗಳಲ್ಲಿ ಶಿಕ್ಷಣ, ಸರ್ಕಾರಿ ನೌಕರಿಯ ಅಂಕಿಗಳ ಬಗ್ಗೆ ಬಹಳ ಚರ್ಚೆಯಾಯಿತು. ಮುಸ್ಲಿಮರು ಸ್ವಂತ ಕಸುಬಿನಲ್ಲಿ ಹೆಚ್ಚಾಗಿ ಇದ್ದಾರೆ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಅವರು ಹೆಚ್ಚಾಗಿರುವ ಕಸುಬುಗಳ ಕಡೆ ನೋಡಬೇಕು, ಪ್ರವೇಶದ ಅರ್ಹತೆಯನ್ನು ಎಂಟನೇ ತರಗತಿಗೆ ಇಳಿಸಬೇಕು, ಮದರಸಾದಲ್ಲಿ ಓದಿದವರಿಗೂ ಅವಕಾಶ ಇರಬೇಕು ಎಂಬ ಶಿಫಾರಸುಗಳು ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ನಮ್ಮವರಿಗೂ ಡಾಕ್ಟರು, ಎಂಜಿನಿಯರ್ ಸೀಟುಗಳೇ ಸಮುದಾಯದ ಮಾನದಂಡ.

2009ರ ರಾಷ್ಟ್ರೀಯ ಕೌಶಲ ನೀತಿ 2022ರ ಹೊತ್ತಿಗೆ 50 ಕೋಟಿ ಜನರನ್ನು ತರಬೇತುಗೊಳಿಸುವ ಗುರಿ ಇಟ್ಟಿತು. ಸರ್ಕಾರ ಬದಲಾಗಿ 2015ರಲ್ಲಿ ಹೊಸ ನೀತಿ ಬಂತು. ಆ ನೀತಿಯ ದಾಖಲೆಯಲ್ಲಿ ಒಂದು ಹೋಲಿಕೆ ಇದೆ: ಭಾರತದ ದುಡಿಯುವವರಲ್ಲಿ ಕ್ರಮಬದ್ಧ ತರಬೇತಿ ಪಡೆದವರು ಶೇ. 4.69, ಜರ್ಮನಿಯಲ್ಲಿ ಶೇ. 75. ಈ ಅಂಕಿಯನ್ನು ಆಮೇಲೆ ಎಲ್ಲ ಭಾಷಣಗಳಲ್ಲೂ ಕೇಳಿದೆವು. ಕೇಳಿದವರಿಗೆ ಅನ್ನಿಸುವುದು, ಉಳಿದ ತೊಂಬತ್ತೈದು ಮಂದಿಗೆ ಏನೂ ಬಾರದು ಎಂದು. ಬಡೇ ಮಾಮೂ ಆ ತೊಂಬತ್ತೈದರಲ್ಲಿ ಒಬ್ಬರು.

ಜರ್ಮನಿಯ ಅಂಕಿ ದೊಡ್ಡದಾಗಲು ಒಂದು ಕಾರಣವಿದೆ. ಅಲ್ಲಿ ಬಡಗಿ, ಬೇಕರಿಯವನು, ಗ್ಯಾರೇಜಿನವನು, ಹೀಗೆ ಸಣ್ಣ ಅಂಗಡಿಯ ಮೇಸ್ತ್ರಿಗೂ ಕಾನೂನಿನಲ್ಲಿ ಗುರುಸ್ಥಾನವಿದೆ. ಅವನಿಗೆ ಮೈಸ್ಟರ್ ಎಂಬ ಪದವಿ ಪರೀಕ್ಷೆಯಿಂದ ಸಿಗುತ್ತದೆ. ಹುಡುಗ ವಾರದ ಹೆಚ್ಚು ದಿನ ಅಂಗಡಿಯಲ್ಲಿ ಭತ್ಯೆ ಪಡೆದು ಕಲಿತು, ಒಂದೆರಡು ದಿನ ಶಾಲೆಗೆ ಹೋಗುತ್ತಾನೆ. ಕೊನೆಗೆ ಕಸುಬುದಾರರ ಮಂಡಳಿ ಪರೀಕ್ಷೆ ಮಾಡುತ್ತದೆ. ಅಂದರೆ ಅವರು ಉಸ್ತಾದನ ಅಂಗಡಿಯನ್ನು ಎಣಿಸಿದ್ದಾರೆ, ನಾವು ಎಣಿಸಿಲ್ಲ. ನಮ್ಮದರಲ್ಲಿ ಎಣಿಸಲು ಒಲ್ಲೆ ಎಂಬಂಥ ದೋಷಗಳಿದ್ದವು ಎಂಬುದೂ ನಿಜ. ದೋಷ ತಿದ್ದಿ ಎಣಿಸಬಹುದಿತ್ತು.

ತಡವಾಗಿ ಕೆಲವು ಕಿಂಡಿಗಳು ತೆರೆದಿವೆ. 2014ರ ತಿದ್ದುಪಡಿ ಅಪ್ರೆಂಟಿಸ್ ಕಾನೂನಿನ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. 2016ರಲ್ಲಿ ಭತ್ಯೆಯ ಕಾಲು ಭಾಗವನ್ನು ಒಂದು ಮಿತಿಯವರೆಗೆ ಕೇಂದ್ರ ಭರಿಸುವ ಯೋಜನೆ ಬಂತು. 2019ರ ನಿಯಮಗಳಲ್ಲಿ 30 ಮಂದಿ ಇರುವಲ್ಲಿ ಅಪ್ರೆಂಟಿಸ್ ಕಡ್ಡಾಯ, ನಾಲ್ಕು ಮಂದಿ ಇರುವಲ್ಲಿಯೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು ಎಂದಾಯಿತು. ಹಿಂದೆ ಇವು 40 ಮತ್ತು ಆರು ಇದ್ದವು. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳನ್ನು ತಂದರು. ಕಾರ್ಖಾನೆಗಳ ಕಡೆ ನೋಡಿದರೆ ಮಂಡ್ಯದ ಅಸಿಟೇಟ್ ಫ್ಯಾಕ್ಟರಿ ಮುಚ್ಚಿಯೇ ಹೋಯಿತು, ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯತೊಡಗಿತು. ನಿಂತ ಕಾರ್ಖಾನೆಯಲ್ಲಿ ಬಿಚ್ಚಿ ಜೋಡಿಸುವ ಆ ತಿಂಗಳುಗಳೂ ಇರುವುದಿಲ್ಲ, ಮೇಸ್ತ್ರಿಯ ಪಕ್ಕ ನಿಲ್ಲುವ ಹುಡುಗನೂ ಇರುವುದಿಲ್ಲ.

2015ರ ನಂತರ ಬಂದ ಇನ್ನೊಂದು ಏರ್ಪಾಡೆಂದರೆ, ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು. ಬಡೇ ಮಾಮೂ ಆಗ ಅರವತ್ತು ದಾಟಿದ್ದರು. ಅಂಥ ಒಂದು ಶಿಬಿರಕ್ಕೆ ನಾನೇ ಒತ್ತಾಯಿಸಿ ಕರೆದೊಯ್ದೆ. ಪರೀಕ್ಷೆ ಮಾಡಲು ಬಂದ ಯುವಕ ಒಳ್ಳೆಯವನು, ಬೆಂಗಳೂರಿನವನು. ಮೋಟರಿನ ಭಾಗಗಳನ್ನು ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದ. ಮಾಮೂ ಎಲ್ಲವನ್ನೂ ಹೇಳಿ, ಆಮೇಲೆ ಮೆಲ್ಲಗೆ, "ಬೇಟಾ, ಇದರ ಬೇರಿಂಗ್ ಹೋಗಿದೆ, ಬದಲಿಸಿಬಿಡು" ಅಂದರು. ಆತ ತಿರುಗಿಸಿ ನೋಡಿದ. ಹೋಗಿತ್ತು. ಸರ್ಟಿಫಿಕೇಟ್ ಬಂದಾಗ ಅದರಲ್ಲಿ ಮಾಮೂನ ಕಸುಬಿನ ಹೆಸರು ಬೇರೆ ಯಾವುದೋ ಆಗಿತ್ತು. ಅದನ್ನು ಅವರು ಟ್ರಂಕಿನಲ್ಲಿಟ್ಟರು.

ಕಳೆದ ವರ್ಷ ಅವರು ತೀರಿಕೊಂಡರು. ಅಂಗಡಿಯನ್ನು ಈಗ ಅವರ ಶಾಗಿರ್ದ್ ನಡೆಸುತ್ತಿದ್ದಾನೆ. ಹಲಗೂರು ಕಡೆಯ ಗೌಡರ ಹುಡುಗ, ಐಟಿಐ ಮುಗಿಸಿ ಬಂದು ಮಾಮೂ ಬಳಿ ಆರು ವರ್ಷ ಕಲಿತವನು. ನಲವತ್ತನೆಯ ದಿನ ಕಳೆದ ಮೇಲೆ ಅವನು ಒಂದು ದಪ್ಪ ನೋಟ್‌ಬುಕ್ ಹಿಡಿದುಕೊಂಡು ಮಂಡ್ಯದ ನಮ್ಮ ಮನೆಗೆ ಬಂದ. ಅಂಗಡಿಗೆ ಬಂದ ಒಂದೊಂದು ಮೋಟರಿನ ಲೆಕ್ಕವೂ ಅದರಲ್ಲಿದೆ. ಊರಿನ ಹೆಸರು ಕನ್ನಡದಲ್ಲಿ, ಉಳಿದದ್ದೆಲ್ಲ ಉರ್ದುವಿನಲ್ಲಿ. "ಸಾರ್, ಉಸ್ತಾದ್ರು ಬರ್ದಿರೋದು ನಂಗೆ ಓದಕ್ಕೆ ಬರಲ್ಲ, ನೀವು ಓದಿ, ನಾನು ಬರ್ಕೋತೀನಿ" ಅಂದ. ಈಗ ಭಾನುವಾರಗಳಲ್ಲಿ ಬರುತ್ತಾನೆ. ನಾನು ಓದುತ್ತೇನೆ: ಕಿರುಗಾವಲು, ಐದು ಹೆಚ್‌ಪಿ, 36 ಸ್ಲಾಟು, ತಂತಿ 19 ಗೇಜು. ಸುತ್ತಿನ ಸಂಖ್ಯೆಯ ಮೇಲೆ ಎಣ್ಣೆಯ ಕಲೆ ಬಿದ್ದಿದ್ದರೆ ಇಬ್ಬರೂ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇವೆ. ಇನ್ನೂ ಅರ್ಧ ಪುಸ್ತಕ ಇದೆ.